ಎಂಜಿನ್ನಿನ ಎಣ್ಣೆ ಅಳೆಯುವ ಬಗೆ



ಚಕ್ಕಡಿಯೇ ವಾಹನವಾಗಿದ್ದ ಕಾಲದಲ್ಲಿ ನಮ್ಮ ಕೃಷ್ಣಾತೀರದ ರೈತನು ಊರು ಬಿಡುವ ಮೊದಲು ಎರಡು ಕೆಲಸಗಳನ್ನು ತಪ್ಪದೆ ಮಾಡುತ್ತಿದ್ದನು. ಎತ್ತುಗಳ ಕಾಲಿನ ಲಾಳ ನೋಡುವುದು ಒಂದು. ಗಾಲಿಗಳಿಗೆ ಕೀಲೆಣ್ಣೆ ಹಾಕುವುದು ಇನ್ನೊಂದು. ನಿಪ್ಪಾಣಿಯ ಪೇಟೆಗೆ ತಂಬಾಕು ಹೇರಿಕೊಂಡು ಹೋಗುವುದಿರಲಿ, ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಕ್ಕಳುಮರಿಗಳನ್ನು ಕೂಡ್ರಿಸಿಕೊಂಡು ಹೋಗುವುದಿರಲಿ, ಈ ಕ್ರಮ ತಪ್ಪುತ್ತಿರಲಿಲ್ಲ. ತಪ್ಪಿದರೆ ಗಾಲಿ ಸುಮ್ಮನಿರುತ್ತಿರಲಿಲ್ಲ. ಅರ್ಧ ಹರದಾರಿ ಹೋಗುವಷ್ಟರಲ್ಲಿ ಕಿರುಗುಟ್ಟತೊಡಗಿ, ಇದಿರಿಗೆ ಬಂದವರೆಲ್ಲ ‘ಯಾಕೋ ತಮ್ಮಾ, ಕೀಲೆಣ್ಣಿ ಹಾಕಿಲ್ಲೇನು?’ ಎಂದು ಕೇಳುವಂತೆ ಮಾಡುತ್ತಿತ್ತು.

ಮೋಟಾರು ಕಾರಿನ ಎಂಜಿನ್ನಿಗೆ ಈ ಗುಣವಿಲ್ಲ. ಎಣ್ಣೆ ಕಡಿಮೆಯಾಗುತ್ತ ಬಂದರೂ ಅದು ಬಹಳ ದಿನ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಅದು ಗದ್ದಲ ಮಾಡುವ ಹೊತ್ತಿಗೆ ಕೆಲಸ ಕೈಮೀರಿರುತ್ತದೆ. ಆದುದರಿಂದ ಅದರ ಯೋಗಕ್ಷೇಮವನ್ನು ನಾವೇ ಹೋಗಿ ಕೇಳಬೇಕು. ಕೇಳುವ ಸಾಧನವನ್ನು ಕಾರು ಮಾಡಿದವರೇ ಎಂಜಿನ್ನಿನ ಪಕ್ಕದಲ್ಲಿ ಇಟ್ಟಿದ್ದಾರೆ. ಅದೊಂದು ತೆಳ್ಳನೆಯ ಉಕ್ಕಿನ ಕಡ್ಡಿ. ಗ್ಯಾರೇಜಿನಲ್ಲಿ ಅದಕ್ಕೆ ಗೇಜು ಎನ್ನುತ್ತಾರೆ. ಡಿಪ್‌ಸ್ಟಿಕ್ ಎನ್ನುವವರೂ ಉಂಟು. ನಾನು ಈ ಹೊತ್ತು ಅದನ್ನು ಅಳತೆಕಡ್ಡಿ ಎಂದು ಕರೆಯುತ್ತೇನೆ. ಈ ಅಳತೆಕಡ್ಡಿಯನ್ನು ಮನೆಯಲ್ಲಿಯೇ, ತಪ್ಪಿಲ್ಲದಂತೆ ಓದುವುದು ಹೇಗೆ ಎಂಬುದೇ ಇಂದಿನ ವಿಷಯ.

ಹೈಸ್ಕೂಲಿನ ಕನ್ನಡ ಪಂಡಿತನಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅಳತೆಯ ಮಾತು ಎಲ್ಲರಿಗೂ ಸಂಬಂಧಿಸಿದ್ದು. ಅಂಬಾಸಿಡರ್ ಕಾರುಗಳ ಕಾಲದಲ್ಲಿ ಕಾರಿದ್ದ ಮನೆಗೆ ಬಹುಮಟ್ಟಿಗೆ ಒಬ್ಬ ಡ್ರೈವರನೂ ಇರುತ್ತಿದ್ದನು. ಮುಂಜಾನೆ ಎದ್ದು ಎಣ್ಣೆ ನೋಡುವುದು, ನೀರು ನೋಡುವುದು, ಗಾಲಿಯ ಗಾಳಿ ನೋಡುವುದು ಅವನ ನಿತ್ಯಕರ್ಮವಾಗಿತ್ತು. ಈಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಲ್ಲಿಯೂ ಕಬ್ಬಿನ ಬಿಲ್ಲು ಬಂದ ವರ್ಷ ಕಂತಿನ ಮೇಲೆ ಒಂದು ಚಿಕ್ಕ ಕಾರನ್ನು ತರುವ ಮನೆಗಳಿವೆ. ಮನೆಯವನೇ ಯಜಮಾನ, ಮನೆಯವನೇ ಡ್ರೈವರ. ಹಿಂದಿನ ಡ್ರೈವರನ ನಿತ್ಯಕರ್ಮ ಮಾತ್ರ ಯಾರ ಪಾಲಿಗೂ ಬಂದಿಲ್ಲ. ಸರ್ವಿಸಿಂಗಿಗೆ ಬಿಟ್ಟಾಗ ನೋಡುತ್ತಾರೆ ಎಂಬ ಭರವಸೆಯ ಮೇಲೆ ಕೆಲಸ ಸಾಗುತ್ತದೆ. ಒಂದು ಸರ್ವಿಸಿಂಗಿನಿಂದ ಇನ್ನೊಂದಕ್ಕೆ ಅನೇಕ ಕಾರುಗಳಲ್ಲಿ ಹತ್ತು ಸಾವಿರ ಕಿಲೋಮೀಟರಿನ ಅಂತರವಿದೆ. ಅಷ್ಟು ದೂರವನ್ನು ಕಣ್ಣು ಮುಚ್ಚಿಕೊಂಡು ನಡೆಯುವುದು ಜಾಣತನವಲ್ಲ. ಸರಿರಾತ್ರಿಯಲ್ಲಿ ಹೆರಿಗೆಯ ನೋವು ತಿನ್ನುವ ಮಗಳನ್ನು ಮಿರಜಿಗೋ ಬೆಳಗಾವಿಗೋ ಕರೆದೊಯ್ಯಬೇಕಾಗಿ ಬಂದಾಗ ಆ ಮನೆಗೆ ಆಸರೆಯಾಗಿರುವುದು ಇದೇ ಕಾರು.

ಮೊದಲು ಈ ಎಣ್ಣೆಯ ಕೆಲಸವೇನು ನೋಡೋಣ. ನಮ್ಮ ‘ಎಣ್ಣೆ’ ಎಂಬ ಶಬ್ದ ಎಳ್ಳಿನಿಂದ ಬಂದದ್ದು. ಎಳ್ಳಿನ ನೆಯ್ ಎಣ್ಣೆ, ಬಿಳಿಯ ನೆಯ್ ಬೆಣ್ಣೆ. ಎಂಜಿನ್ನಿನ ಎಣ್ಣೆಗೆ ಎಳ್ಳಿನ ಸಂಬಂಧವಿಲ್ಲದಿದ್ದರೂ ಹೆಸರು ಉಳಿದುಬಂದಿದೆ. ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಜಿಡ್ಡೂ ಹೌದು, ಗೆಳೆತನವೂ ಹೌದು. ಎಂಜಿನ್ನಿನಲ್ಲಿ ಈ ಎರಡು ಅರ್ಥಗಳೂ ಕೂಡಿಬರುತ್ತವೆ. ಕಾರು ಸಾಮಾನ್ಯ ವೇಗದಲ್ಲಿ ಓಡುವಾಗ ಎಂಜಿನ್ನಿನ ದಂಡ ನಿಮಿಷಕ್ಕೆ ೨೦೦೦ ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಅಂದರೆ ಕಣ್ಣು ಮಿಟುಕಿಸಿ ತೆರೆಯುವ ಒಂದು ಸೆಕೆಂಡಿನಲ್ಲಿ ೩೩ ಸುತ್ತು. ಲೋಹದ ಮೇಲೆ ಲೋಹ ಹೀಗೆ ತಿರುಗುವಾಗ ಒಂದನ್ನೊಂದು ತಿನ್ನದಂತೆ ನಡುವೆ ನಿಲ್ಲುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಅದು ಸವಕಳಿಯನ್ನು ತಡೆಯುತ್ತದೆ, ಒಳಗಿನ ಕಾವನ್ನು ಹೊತ್ತು ಕೆಳಕ್ಕೆ ತರುತ್ತದೆ, ಮಸಿಯನ್ನು ತೊಳೆದು ತನ್ನಲ್ಲಿ ಇಟ್ಟುಕೊಳ್ಳುತ್ತದೆ, ತುಕ್ಕು ಹಿಡಿಯಗೊಡುವುದಿಲ್ಲ.

ಈ ಎಣ್ಣೆಯೆಲ್ಲ ಎಂಜಿನ್ನಿನ ತಳದಲ್ಲಿರುವ ಒಂದು ತೊಟ್ಟಿಯಲ್ಲಿ ನಿಂತಿರುತ್ತದೆ. ನಮ್ಮ ಮಿಸ್ತ್ರಿಗಳು ಅದಕ್ಕೆ ಚೇಂಬರು ಎನ್ನುತ್ತಾರೆ. ಎಂಜಿನ್ನು ತಿರುಗತೊಡಗಿದೊಡನೆ ಒಂದು ಪಂಪು ಅಲ್ಲಿಂದ ಎಣ್ಣೆಯನ್ನು ಹೀರಿ ಮೇಲಿನ ಎಲ್ಲ ಭಾಗಗಳಿಗೂ ತಳ್ಳುತ್ತದೆ. ಅದು ತನ್ನ ಕೆಲಸ ಮುಗಿಸಿ ಮರಳಿ ತೊಟ್ಟಿಗೆ ಇಳಿಯುತ್ತದೆ. ಚಿಕ್ಕ ಪೆಟ್ರೋಲ್ ಕಾರಿನಲ್ಲಿ ಇರುವ ಎಣ್ಣೆ ಎಲ್ಲ ಸೇರಿ ಸುಮಾರು ಮೂರು ಲೀಟರು. ಇಷ್ಟು ಸಣ್ಣ ಬಂಡವಾಳದಲ್ಲಿ ಒಂದು ಲೀಟರು ಕಡಿಮೆಯಾದರೆ ಮೂರರಲ್ಲಿ ಒಂದು ಪಾಲು ಹೋದಂತೆ. ಆಗ ಘಾಟದ ತಿರುವಿನಲ್ಲಿಯೋ ಜೋರಾಗಿ ಬ್ರೇಕು ಹಾಕಿದಾಗಲೋ ಎಣ್ಣೆ ತೊಟ್ಟಿಯ ಒಂದು ಮಗ್ಗುಲಿಗೆ ಸರಿದು, ಪಂಪಿನ ಬಾಯಿಗೆ ಎಣ್ಣೆಯ ಬದಲು ಗಾಳಿ ಸಿಕ್ಕುತ್ತದೆ.

ಇಲ್ಲಿ ಒಂದು ತಪ್ಪುತಿಳಿವಳಿಕೆಯನ್ನು ದೂರಮಾಡಬೇಕು. ‘ಎಣ್ಣಿ ಕಡಿಮಿ ಆದರ ಕೆಂಪ ದೀಪ ಹತ್ತತೈತಲ್ರೀ’ ಎಂದು ಅನೇಕರು ಹೇಳುತ್ತಾರೆ. ಸ್ಟೇರಿಂಗಿನ ಮುಂದಿನ ಫಲಕದಲ್ಲಿ ಎಣ್ಣೆಯ ಜಾರಿಯ ಆಕಾರದ ಒಂದು ಕೆಂಪು ಗುರುತು ಇರುವುದು ನಿಜ. ಆದರೆ ಅದು ಎಣ್ಣೆ ಎಷ್ಟಿದೆ ಎಂದು ಹೇಳುವ ದೀಪವಲ್ಲ. ಎಣ್ಣೆಯ ಒತ್ತಡ ಬಿದ್ದುಹೋಯಿತು ಎಂದು ಹೇಳುವ ದೀಪ. ಎಣ್ಣೆ ಎರಡು ದಿನಗಳಲ್ಲಿ ಮುಗಿಯಲಿದೆ ಎಂದು ಅದು ಮುನ್ಸೂಚನೆ ಕೊಡುವುದಿಲ್ಲ. ಈ ಕ್ಷಣದಲ್ಲಿ ದಂಡಕ್ಕೆ ಎಣ್ಣೆ ಮುಟ್ಟುತ್ತಿಲ್ಲ ಎಂದು ಸಾರುತ್ತದೆ. ಓಡುವಾಗ ಅದು ಹತ್ತಿದರೆ ಮುಂದಿನ ಊರಿನ ತನಕ ಹೋಗಿ ನೋಡೋಣ ಎನ್ನಬಾರದು. ರಸ್ತೆಯ ಬದಿಗೆ ನಿಲ್ಲಿಸಿ ಕೂಡಲೇ ಎಂಜಿನ್ನನ್ನು ಆರಿಸತಕ್ಕದ್ದು. ಕೆಲವು ಕಾರುಗಳಲ್ಲಿ ಎಣ್ಣೆಯ ಮಟ್ಟಕ್ಕೆಂದು ಬೇರೆ ಹಳದಿ ದೀಪವಿರುತ್ತದೆ, ಎಲ್ಲವುಗಳಲ್ಲಿ ಇಲ್ಲ. ಹೀಗಾಗಿ ದೀಪ ಹೇಳುವ ಮೊದಲೇ ಕಡ್ಡಿಯನ್ನು ಕೇಳುವುದು ಲೇಸು.

ಇನ್ನು ಅಳತೆಗೆ ಬರೋಣ. ಅಳತೆ ಕೆಡುವುದು ಮೂರು ಕಾರಣಗಳಿಂದ: ಸ್ಥಳದಿಂದ, ಸಮಯದಿಂದ, ಕೈಯಿಂದ.

ಮೊದಲು ಸ್ಥಳ. ಕಬ್ಬು ಬೆಳೆಯುವ ನಮ್ಮ ಸೀಮೆಯವರಿಗೆ ಕಾಟಾದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಟಾ ಸಮನಾಗಿ ನಿಂತಿಲ್ಲದಿದ್ದರೆ ಟನ್ನುಗಳ ಲೆಕ್ಕ ತಪ್ಪುತ್ತದೆ. ಕಾರೂ ಹಾಗೆಯೇ ಸಮನೆಲದ ಮೇಲೆ ನಿಂತಿರಬೇಕು. ಆದರೆ ನಮ್ಮ ಮನೆಗಳ ಫರಸಿ ಹಾಸಿದ ಅಂಗಳಗಳು ಸಮವಾಗಿರುವುದಿಲ್ಲ. ಮಳೆಯ ನೀರು ಓಣಿಯ ಗಟಾರಕ್ಕೆ ಹರಿದುಹೋಗಲೆಂದು ಗವಂಡಿಯು ಬೇಕೆಂದೇ ಇಳುಕಲು ಕೊಟ್ಟಿರುತ್ತಾನೆ. ಇಪ್ಪತ್ತು ಅಡಿಗೆ ಒಂದು ಅಡಿ ಇಳುಕಲು ಇದೆ ಎಂದುಕೊಳ್ಳಿ. ಕಣ್ಣಿಗೆ ಅದು ಹೆಚ್ಚೆಂದು ಕಾಣುವುದಿಲ್ಲ. ಅಳತೆಕಡ್ಡಿ ಇಳಿಯುವ ಜಾಗ ಎಣ್ಣೆಯ ತೊಟ್ಟಿಯ ನಡುವಿನಿಂದ ಹತ್ತು ಸೆಂಟಿಮೀಟರು ಮುಂದಕ್ಕೆ ಇದ್ದರೆ, ಅಲ್ಲಿ ಎಣ್ಣೆ ಅರ್ಧ ಸೆಂಟಿಮೀಟರು ಮೇಲಕ್ಕೋ ಕೆಳಕ್ಕೋ ನಿಲ್ಲುತ್ತದೆ. ಕಡ್ಡಿಯ ಎರಡು ಗುರುತುಗಳ ನಡುವಿನ ಅಂತರ ಎರಡು ಸೆಂಟಿಮೀಟರು, ಅದರ ಬೆಲೆ ಒಂದು ಲೀಟರು ಎಂದಿಟ್ಟುಕೊಂಡರೆ, ಈ ಅರ್ಧ ಸೆಂಟಿಮೀಟರಿನ ಬೆಲೆ ಕಾಲು ಲೀಟರು.

ಇದರ ಚಮತ್ಕಾರ ನೋಡಿರಿ. ಒಂದು ದಿನ ಕಾರಿನ ಮೂತಿಯನ್ನು ಓಣಿಯ ಕಡೆಗೆ ಮಾಡಿ ನಿಲ್ಲಿಸಿದಿರಿ. ಕಡ್ಡಿ ಕಾಲು ಲೀಟರು ಹೆಚ್ಚು ತೋರಿಸಿತು. ಮರುವಾರ ಮೂತಿಯನ್ನು ಮನೆಯ ಕಡೆಗೆ ಮಾಡಿ ನಿಲ್ಲಿಸಿದಿರಿ. ಕಾಲು ಲೀಟರು ಕಡಿಮೆ ತೋರಿಸಿತು. ಒಂದು ಹನಿಯೂ ಖರ್ಚಾಗದೆ ಅರ್ಧ ಲೀಟರು ಮಾಯವಾದಂತಾಯಿತು! ‘ಎಂಜಿನ್ನು ಎಣ್ಣಿ ಕುಡಿಯಾಕ ಹತ್ತೈತಿ’ ಎಂದು ಮನೆಯವರು ಗಾಬರಿಗೊಳ್ಳುವ ಪ್ರಸಂಗಗಳಲ್ಲಿ ಎಷ್ಟೋ ಸಲ ಕುಡಿದದ್ದು ಎಂಜಿನ್ನಲ್ಲ, ಅಂಗಳದ ಇಳುಕಲು.

ಆದುದರಿಂದ ಒಮ್ಮೆ ಕಷ್ಟಪಟ್ಟು ಸಮನಾದ ಜಾಗವನ್ನು ಹುಡುಕಿ ಗೊತ್ತುಮಾಡಿಕೊಳ್ಳಿರಿ. ಗವಂಡಿಯ ರಸಮಟ್ಟ ಸಿಕ್ಕರೆ ಉದ್ದನೆಯ ನೆಟ್ಟಗಿನ ಹಲಗೆಯ ಮೇಲಿಟ್ಟು ನೋಡಬಹುದು. ಅದಿಲ್ಲದಿದ್ದರೆ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಅದರ ಎರಡು ತುದಿಗಳನ್ನು ಮುಂದಿನ ಗಾಲಿಯ ಜಾಗದಲ್ಲೊಂದು, ಹಿಂದಿನ ಗಾಲಿಯ ಜಾಗದಲ್ಲೊಂದು ಎತ್ತಿ ಹಿಡಿದು, ನೀರಿನ ಮಟ್ಟದಿಂದ ನೆಲಕ್ಕೆ ಎರಡೂ ಕಡೆ ಎಷ್ಟೆಷ್ಟು ಇದೆ ಎಂದು ಅಳೆಯಬಹುದು. ಎಡಗಾಲಿಗೂ ಬಲಗಾಲಿಗೂ ಹೀಗೆಯೇ ನೋಡಬೇಕು. ಗುಡಿಯ ಮುಂದಿನ ಕಟ್ಟೆಯ ಬದಿ, ಕಲ್ಲು ಹಾಸಿದ ಕಣ, ಪೆಟ್ರೋಲ್ ಬಂಕಿನ ಅಂಚು, ಎಲ್ಲಿಯಾದರೂ ಸರಿ. ಜಾಗ ಸಿಕ್ಕ ಮೇಲೆ ಗಾಲಿಗಳು ನಿಲ್ಲುವಲ್ಲಿ ಸುಣ್ಣದ ಗುರುತು ಹಾಕಿಡಿರಿ. ಪ್ರತಿಸಲವೂ ಅದೇ ಗುರುತಿನ ಮೇಲೆ, ಅದೇ ದಿಕ್ಕಿಗೆ ಮೂತಿ ಮಾಡಿ ಕಾರು ನಿಲ್ಲಬೇಕು.

ಎರಡನೆಯದು ಸಮಯ. ನಿಪ್ಪಾಣಿಯ ಹತ್ತಿರದ ತವಂದಿ ಘಾಟವನ್ನು ಹತ್ತಿ ಬಂದು, ಎಂಜಿನ್ನು ಆರಿಸಿದ ಮರುಗಳಿಗೆಯಲ್ಲಿಯೇ ಕಡ್ಡಿ ಎಳೆದು ನೋಡುವವರುಂಟು. ಆಗ ಎಣ್ಣೆಯ ಒಂದು ಪಾಲು ಇನ್ನೂ ಮೇಲಿನ ಭಾಗಗಳಲ್ಲಿಯೇ ಇರುತ್ತದೆ. ಜೋಳದ ಹಿಟ್ಟಿನ ಅಂಬಲಿಯ ಪಾತ್ರೆಯನ್ನು ಬಗ್ಗಿಸಿದರೆ ಗೋಡೆಗೆ ಅಂಟಿದ್ದು ಇಳಿದುಬರಲು ಹೊತ್ತು ಹಿಡಿಯುವುದಿಲ್ಲವೆ? ಹಾಗೆಯೇ ಇದು. ಅದು ತೊಟ್ಟಿಗೆ ಇಳಿಯುವ ಮುಂಚೆ ಅಳೆದರೆ ಎಣ್ಣೆ ಕಡಿಮೆ ಕಾಣುತ್ತದೆ. ನೋಡಿದವನು ತಕ್ಷಣ ಅರ್ಧ ಲೀಟರು ಸುರಿಯುತ್ತಾನೆ. ಹತ್ತು ನಿಮಿಷ ಕಾದಿದ್ದರೆ ಅದು ಬೇಕಾಗಿರಲಿಲ್ಲ.

ಇದರ ಜೊತೆಗೆ ಕಾವಿನ ಲೆಕ್ಕವೂ ಇದೆ. ಕಾದ ಎಣ್ಣೆ ಹಿಗ್ಗುತ್ತದೆ. ಮುಂಜಾನೆ ೨೦ ಡಿಗ್ರಿಯಲ್ಲಿದ್ದ ಮೂರು ಲೀಟರು ಎಣ್ಣೆ ೯೦ ಡಿಗ್ರಿಗೆ ಏರಿದಾಗ ಸುಮಾರು ನೂರೈವತ್ತು ಮಿಲಿಲೀಟರಿನಷ್ಟು ಹೆಚ್ಚು ಜಾಗ ಹಿಡಿಯುತ್ತದೆ. ಹೀಗೆ ಬಿಸಿಯಲ್ಲಿ ಅಳೆದದ್ದು ಒಂದು, ತಣ್ಣಗಿದ್ದಾಗ ಅಳೆದದ್ದು ಇನ್ನೊಂದು. ಯಾವುದು ಸರಿ? ಇದಕ್ಕೆ ಉತ್ತರ ಕಾರಿನ ಜೊತೆಗೆ ಬಂದ ಕೈಪಿಡಿಯಲ್ಲಿದೆ. ಎಂಜಿನ್ನನ್ನು ಚೆನ್ನಾಗಿ ಕಾಯಿಸಿ, ಆರಿಸಿ, ಐದು ನಿಮಿಷವೋ ಹತ್ತು ನಿಮಿಷವೋ ಕಾದು ಅಳೆಯಿರಿ ಎಂದು ಕೆಲವು ತಯಾರಕರು ಹೇಳುತ್ತಾರೆ. ಮುಂಜಾನೆ ಚಾಲೂ ಮಾಡುವ ಮೊದಲು ಅಳೆಯಿರಿ ಎಂದು ಬೇರೆ ಕೆಲವರು. ಅವರವರು ತಮ್ಮ ಕಡ್ಡಿಗೆ ಗುರುತು ಹಾಕಿದ್ದು ಅವರವರ ಕ್ರಮಕ್ಕೆ ಹೊಂದುವಂತೆ. ಕೈಪಿಡಿಯನ್ನು ಪ್ಲಾಸ್ಟಿಕ್ ಚೀಲದಿಂದಲೇ ತೆಗೆಯದೆ ಇಟ್ಟವರು ಇಂದಾದರೂ ತೆಗೆದು ಆ ಒಂದು ಪುಟವನ್ನು ಓದಿರಿ. ಅದು ಕಳೆದುಹೋಗಿದ್ದರೆ ಆ ಕಂಪನಿಯ ಸರ್ವಿಸ್ ಸ್ಟೇಷನ್ನಿನಲ್ಲಿ ಒಂದು ಮಾತು ಕೇಳಿ ತಿಳಿದುಕೊಳ್ಳಿರಿ. ಆಮೇಲೆ ಆ ಕ್ರಮವನ್ನು ಬದಲಿಸಬೇಡಿರಿ. ಒಂದು ವಾರ ಬಿಸಿಯಲ್ಲಿ, ಇನ್ನೊಂದು ವಾರ ತಂಪಿನಲ್ಲಿ ಅಳೆದರೆ, ಒಂದು ಸಲ ಸೇರನ್ನು ಕೊಪ್ಪರಿಸಿ ಇನ್ನೊಂದು ಸಲ ಕೋಲೆಳೆದು ಕಾಳು ಅಳೆದಂತಾಗುತ್ತದೆ.

ಮೂರನೆಯದು ಕೈ. ಕಾರನ್ನು ಗುರುತಿನ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿಯಿರಿ. ಬಾನೆಟ್ಟು ತೆರೆದು ಅದರ ಆನಿಕೆಯ ಸರಳನ್ನು ಭದ್ರವಾಗಿ ಸಿಕ್ಕಿಸಿರಿ. ಎಂಜಿನ್ನು ಆರಿದ್ದರೂ ಬಿಸಿ ಇರುವಾಗ ಮುಂದಿನ ಫ್ಯಾನು ತಾನಾಗಿಯೇ ತಿರುಗತೊಡಗುವುದುಂಟು. ಆದುದರಿಂದ ಧೋತರದ ಚುಂಗು, ರುಮಾಲಿನ ಚುಂಗು, ಸೀರೆಯ ಸೆರಗು ಇವನ್ನು ಬಿಗಿಯಾಗಿ ಕಟ್ಟಿಕೊಂಡೇ ಬಗ್ಗಬೇಕು.

ಅಳತೆಕಡ್ಡಿಯ ಹಿಡಿಕೆಗೆ ಬಹುತೇಕ ಕಾರುಗಳಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣವಿದ್ದು, ಬೆರಳು ತೂರುವಂಥ ಬಳೆ ಇರುತ್ತದೆ. ಅದನ್ನು ನಿಧಾನವಾಗಿ ಎಳೆಯಿರಿ. ಈ ಮೊದಲ ಎಳೆತದಲ್ಲಿ ಕಂಡದ್ದನ್ನು ನಂಬಬೇಡಿರಿ. ಕಾರು ಓಡುವಾಗ ಎಣ್ಣೆ ಸಿಡಿದು ಕೊಳವೆಯ ಒಳಗೂ ಕಡ್ಡಿಯ ಮೇಲೂ ಹತ್ತಿಕೊಂಡಿರುತ್ತದೆ. ಕಡ್ಡಿಯನ್ನು ತುದಿಯವರೆಗೆ ಒರೆಸಿರಿ. ಒರೆಸುವ ಅರಿವೆ ನೂಲು ಬಿಡದಂಥದಾಗಿರಬೇಕು; ಗ್ಯಾರೇಜಿನ ನೂಲಿನ ಉಂಡೆ ಇದಕ್ಕೆ ಬೇಡ. ಒಗೆದು ಒಗೆದು ಮೆತ್ತಗಾದ ಹಳೆಯ ಧೋತರದ ತುಂಡು ಎಲ್ಲಕ್ಕಿಂತ ಚೆನ್ನ. ಒರೆಸಿದ ಕಡ್ಡಿಯನ್ನು ಮಣ್ಣಿಗೆ ತಾಗಿಸದೆ ಮತ್ತೆ ಕೊಳವೆಯಲ್ಲಿ ಇಳಿಸಿ, ಹಿಡಿಕೆ ತನ್ನ ಜಾಗದಲ್ಲಿ ಕುಳಿತುಕೊಳ್ಳುವವರೆಗೆ ಒತ್ತಿರಿ. ಅರ್ಧ ಬೆರಳು ಮೇಲೆ ಉಳಿದರೂ ಎಣ್ಣೆ ಕಡಿಮೆ ತೋರುತ್ತದೆ. ಒಂದೆರಡು ಕ್ಷಣ ಬಿಟ್ಟು ನೆಟ್ಟಗೆ ಹೊರಗೆ ತೆಗೆಯಿರಿ. ತುದಿಯನ್ನು ಮೇಲೆತ್ತಬೇಡಿರಿ, ಎತ್ತಿದರೆ ಎಣ್ಣೆ ಹಿಡಿಕೆಯ ಕಡೆಗೆ ಹರಿದು, ಇಲ್ಲದ್ದನ್ನು ಇದೆಯೆಂದು ತೋರಿಸುತ್ತದೆ.

ಈಗ ಓದುವ ಕೆಲಸ. ಕಡ್ಡಿಯ ತುದಿಯ ಬಳಿ ಎರಡು ಗೆರೆಗಳೋ, ಎರಡು ತೂತುಗಳೋ, ಕಚ್ಚು ಹಾಕಿದ ಒಂದು ಪಟ್ಟಿಯೋ ಇರುತ್ತದೆ. ಕೆಳಗಿನದು ಕನಿಷ್ಠ ಮಟ್ಟ, ಮೇಲಿನದು ಗರಿಷ್ಠ ಮಟ್ಟ. ಕಡ್ಡಿಯ ಎರಡೂ ಮೈಗಳನ್ನು ನೋಡಬೇಕು. ಕೊಳವೆಯ ಗೋಡೆಗೆ ತಾಗಿದ ಮೈಯಲ್ಲಿ ಎಣ್ಣೆ ಸವರಿಕೊಂಡು ಮೇಲಕ್ಕೆ ಹತ್ತಿದಂತೆ ಕಾಣುತ್ತದೆ. ಎರಡರಲ್ಲಿ ಯಾವ ಮೈಯಲ್ಲಿ ಮಟ್ಟ ಕೆಳಗಿದೆಯೋ, ಒದ್ದೆಯ ಅಂಚು ಎಲ್ಲಿ ಕಡ್ಡಿಯ ಅಗಲಕ್ಕೂ ಒಂದೇ ಸಮನಾಗಿದೆಯೋ, ಅದೇ ನಿಜವಾದ ಮಟ್ಟ. ಹೊಸ ಎಣ್ಣೆ ಜೇನಿನ ಹಾಗೆ ತಿಳಿಯಾಗಿರುವುದರಿಂದ ಅಂಚು ಕಾಣುವುದು ಕಷ್ಟ. ಆಗ ಕಡ್ಡಿಯನ್ನು ಬಿಳಿಯ ಕಾಗದದ ಮೇಲೆ ಮಲಗಿಸಿ ಓರೆಯಾಗಿ ಬೆಳಕು ಬೀಳುವಂತೆ ನೋಡಬೇಕು. ಒರೆಸಿ, ಇಳಿಸಿ, ತೆಗೆದು ಓದುವ ಈ ಕೆಲಸವನ್ನು ಎರಡು ಸಲ ಮಾಡಿರಿ. ಎರಡೂ ಸಲ ಒಂದೇ ಬಂದರೆ ಅಳತೆ ಸರಿ. ಬೇರೆ ಬೇರೆ ಬಂದರೆ ಇನ್ನೂ ಐದು ನಿಮಿಷ ತಡೆದು ಮೂರನೆಯ ಸಲ ನೋಡಿರಿ. ಮನೆಯ ಹೆಣ್ಣುಮಕ್ಕಳಿಗೂ ಹೈಸ್ಕೂಲಿಗೆ ಹೋಗುವ ಹುಡುಗರಿಗೂ ಇದನ್ನು ಕಲಿಸಬಹುದು. ಇದಕ್ಕೆ ಬಲ ಬೇಡ, ತಾಳ್ಮೆ ಬೇಕು.

ಎಣ್ಣೆ ಎರಡು ಗುರುತುಗಳ ನಡುವೆ ಎಲ್ಲಿದ್ದರೂ ಕಾರು ಓಡಲು ಅಡ್ಡಿಯಿಲ್ಲ. ಮೇಲಿನ ಗೆರೆಯನ್ನು ಮುಟ್ಟಿಸಲೇಬೇಕೆಂಬ ಹಟ ಬೇಡ. ಕೆಳಗಿನ ಗೆರೆಗೆ ಸಮೀಪಿಸಿದ್ದರೆ ಮಾತ್ರ ಸೇರಿಸಬೇಕು. ಎರಡು ಗುರುತುಗಳ ನಡುವಿನ ಪಾಲು ಅನೇಕ ಕಾರುಗಳಲ್ಲಿ ಸುಮಾರು ಒಂದು ಲೀಟರು, ಚಿಕ್ಕ ಎಂಜಿನ್ನುಗಳಲ್ಲಿ ಅದಕ್ಕೂ ಕಡಿಮೆ. ಒಮ್ಮೆಗೇ ಒಂದು ಲೀಟರಿನ ಡಬ್ಬಿಯನ್ನು ಬೋರಲು ಹಾಕಬಾರದು. ಇನ್ನೂರು ಮಿಲಿಲೀಟರಿನಷ್ಟು ಹಾಕಿ, ಕೆಲವು ನಿಮಿಷ ತಡೆದು, ಮತ್ತೆ ಅಳೆಯಿರಿ. ಬೇಕಾದರೆ ಇನ್ನಷ್ಟು ಹಾಕಿರಿ. ಹಾಕುವುದು ಸುಲಭ, ತೆಗೆಯುವುದು ಕಷ್ಟ.

‘ಎಣ್ಣಿ ಹೆಚ್ಚಾದರ ಏನ್ ತ್ರಾಸ?’ ಎಂದು ಕೇಳುವವರಿದ್ದಾರೆ. ನಾನು ಬಲ್ಲ ಒಂದು ಮನೆಯಲ್ಲಿ, ಪುಣೆಯಿಂದ ರಜೆಗೆ ಬಂದ ಮಗನು ಅಂಗಳದ ಇಳುಕಲಿನಲ್ಲಿ ನಿಂತ ಕಾರಿನ ಕಡ್ಡಿ ನೋಡಿ, ಕೊಟ್ಟಿಗೆಯಲ್ಲಿದ್ದ ಟ್ರ್ಯಾಕ್ಟರಿನ ಡಬ್ಬಿಯಿಂದ ಒಂದು ಲೀಟರು ಎಣ್ಣೆ ಸುರಿದನು. ಸಮನೆಲದಲ್ಲಿ ನೋಡಿದ್ದರೆ ಮಟ್ಟ ಸರಿಯಾಗಿಯೇ ಇತ್ತು. ಮಟ್ಟ ಮೀರಿದ ಎಣ್ಣೆಯನ್ನು ತಿರುಗುವ ದಂಡವು ಕಡಗೋಲಿನಂತೆ ಕಡೆಯುತ್ತದೆ; ಎಣ್ಣೆಯಲ್ಲಿ ಗಾಳಿ ಸೇರಿ ನೊರೆಯಾಗುತ್ತದೆ. ನೊರೆಗೆ ಲೋಹಗಳನ್ನು ಬೇರೆಬೇರೆಯಾಗಿ ಹಿಡಿಯುವ ಶಕ್ತಿಯಿಲ್ಲ. ಒಳಗಿನ ಒತ್ತಡಕ್ಕೆ ಸೀಲುಗಳ ಅಂಚಿನಿಂದ ಎಣ್ಣೆ ಜಿನುಗುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಏಳುತ್ತದೆ, ಹೊಗೆಯನ್ನು ಶುದ್ಧಗೊಳಿಸುವ ಬೆಲೆಬಾಳುವ ಭಾಗ ಕೆಡುತ್ತದೆ. ಆ ಮನೆಯವರು ನೀಲಿ ಹೊಗೆಯನ್ನು ಕಂಡು ಬೇಗನೆ ಮಿಸ್ತ್ರಿಯ ಹತ್ತಿರ ಹೋದದ್ದರಿಂದ, ಎಲ್ಲ ಎಣ್ಣೆಯನ್ನೂ ಇಳಿಸಿ ಹೊಸದು ಹಾಕುವಷ್ಟರಲ್ಲಿ ಸಂಗತಿ ಮುಗಿಯಿತು. ಮಿಸ್ತ್ರಿ ಆ ಹುಡುಗನನ್ನು ಬೈಯಲಿಲ್ಲ. ಹೊಸ ಎಣ್ಣೆ ಹಾಕಿದ ಮೇಲೆ ಕಾರನ್ನು ಮೊದಲು ಸಮನೆಲದಲ್ಲಿಯೂ ಆಮೇಲೆ ಇಳುಕಲಿನಲ್ಲಿಯೂ ನಿಲ್ಲಿಸಿ, ಎರಡು ಸಲ ಕಡ್ಡಿ ತೆಗೆದು ತೋರಿಸಿದನು. ಅದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಾಗಿರಲಿಲ್ಲ.

ಆ ಪ್ರಸಂಗದಲ್ಲಿ ಟ್ರ್ಯಾಕ್ಟರಿನ ಎಣ್ಣೆಯ ಮಾತೂ ಬಂತು. ಡಬ್ಬಿಯ ಮೇಲೆ ೫ ಡಬ್ಲ್ಯು ೩೦, ೧೫ ಡಬ್ಲ್ಯು ೪೦ ಎಂಬಂಥ ಅಂಕೆಗಳಿರುತ್ತವೆ. ಡಬ್ಲ್ಯು ಎಂಬುದು ಇಂಗ್ಲಿಷಿನಲ್ಲಿ ಚಳಿಗಾಲ ಎಂಬ ಮಾತಿನ ಮೊದಲಕ್ಷರ. ಅದರ ಹಿಂದಿನ ಅಂಕೆ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಮುಂದಿನದು ಬಿಸಿಯಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನೂ ತಿಳಿಸುತ್ತದೆ. ಈಗಿನ ಚಿಕ್ಕ ಕಾರುಗಳಿಗೆ ತೆಳುವಾದ ಎಣ್ಣೆಯನ್ನೇ ಗೊತ್ತುಮಾಡಿರುತ್ತಾರೆ. ಟ್ರ್ಯಾಕ್ಟರಿಗೆ ಒಗ್ಗಿದ್ದು ಕಾರಿಗೆ ಒಗ್ಗುತ್ತದೆಂದು ಹೇಳಲಾಗದು. ಎತ್ತಿನ ನೊಗವನ್ನು ಕರುವಿನ ಹೆಗಲಿಗೆ ಇಟ್ಟಂತಾದೀತು. ಕೈಪಿಡಿಯಲ್ಲಿ ಹೇಳಿದ ಎಣ್ಣೆಯ ಒಂದು ಡಬ್ಬಿಯನ್ನು ಮನೆಯಲ್ಲಿ ತಂದಿಡುವುದು ಒಳ್ಳೆಯದು.

ಇಷ್ಟರವರೆಗೆ ಎಣ್ಣೆ ಕಡಿಮೆಯಾಗುವ ಮಾತಾಯಿತು. ಯಾರೂ ಸುರಿಯದೆ ಎಣ್ಣೆ ಹೆಚ್ಚಾಗುವುದು ಇದಕ್ಕಿಂತ ಭಯಂಕರ. ನಮ್ಮ ತಾಲೂಕುಗಳಿಗೆ ಇದು ವಿಶೇಷವಾಗಿ ಸಂಬಂಧಿಸಿದ್ದು. ೨೦೦೫ರಲ್ಲಿ, ೨೦೧೯ರ ಆಗಸ್ಟಿನಲ್ಲಿ, ಮತ್ತೆ ೨೦೨೧ರ ಜುಲೈಯಲ್ಲಿ ಕೃಷ್ಣೆ ಉಕ್ಕಿ ಬಂದುದನ್ನು ನಾವು ಮರೆತಿಲ್ಲ. ಅಂಥ ಮಹಾಪೂರದಲ್ಲಿ ಕೃಷ್ಣೆಯ ಜೊತೆಗೆ ದೂಧಗಂಗೆ, ವೇದಗಂಗೆಗಳೂ ದಂಡೆ ಮೀರಿದಾಗ ಜನ ಮಕ್ಕಳನ್ನೂ ದನಕರುಗಳನ್ನೂ ಎತ್ತರದ ಊರುಗಳಿಗೆ ಸಾಗಿಸುತ್ತಾರೆ. ಅಂಗಳದ ವಾಹನ ನೀರಿನಲ್ಲಿಯೇ ನಿಲ್ಲುವುದುಂಟು. ನೀರು ಇಳಿದ ಮೇಲೆ ಮರಳಿ ಬಂದವನ ಮೊದಲ ಆಸೆ, ಕೀಲಿ ತಿರುವಿ ಎಂಜಿನ್ನು ಬದುಕಿದೆಯೋ ಇಲ್ಲವೋ ನೋಡುವುದು. ದಯವಿಟ್ಟು ಹಾಗೆ ಮಾಡಬೇಡಿರಿ. ಕೀಲಿಗಿಂತ ಮೊದಲು ಅಳತೆಕಡ್ಡಿಗೆ ಕೈಹಾಕಿರಿ.

ಏಕೆಂದರೆ ನೀರು ಎಣ್ಣೆಗಿಂತ ಭಾರ. ತೊಟ್ಟಿಯೊಳಗೆ ನೀರು ಸೇರಿದ್ದರೆ ಅದು ತಳದಲ್ಲಿ ಕುಳಿತು ಎಣ್ಣೆಯನ್ನು ಮೇಲಕ್ಕೆ ಎತ್ತಿರುತ್ತದೆ. ಕಡ್ಡಿಯಲ್ಲಿ ಮಟ್ಟವು ಗರಿಷ್ಠ ಗೆರೆಯನ್ನು ದಾಟಿ ಕಾಣುತ್ತದೆ. ತುದಿಯಲ್ಲಿ ನೀರಿನ ಹನಿ ಕಂಡರೂ ಕಂಡೀತು. ಪಂಪಿನ ಬಾಯಿ ಇರುವುದು ತೊಟ್ಟಿಯ ತಳದಲ್ಲಿ. ಚಾಲೂ ಮಾಡಿದರೆ ಅದು ಮೊದಲು ಹೀರುವುದು ಆ ನೀರನ್ನೇ. ಕೆಲವೇ ನಿಮಿಷಗಳಲ್ಲಿ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಎಂಜಿನ್ನಿನ ಒಳಭಾಗಗಳು ತಿಂದುಹೋಗುತ್ತವೆ. ಚಾಲೂ ಮಾಡದೆ ಬ್ಯಾಟರಿಯ ಸಂಬಂಧ ತಪ್ಪಿಸಿ, ಎಳೆಸಿಕೊಂಡು ಗ್ಯಾರೇಜಿಗೆ ಒಯ್ದರೆ ಎಂಜಿನ್ನು ಉಳಿಯುವ ಸಂಭವ ಬಹಳ. ಗಾಲಿಯ ಅರ್ಧಕ್ಕಿಂತ ಮೇಲೆ ನೀರು ನಿಂತಿದ್ದ ವಾಹನವನ್ನು, ಕಡ್ಡಿ ಸರಿಯಾಗಿ ಕಂಡರೂ ಕೂಡ, ಮಿಸ್ತ್ರಿಗೆ ತೋರಿಸದೆ ಚಾಲೂ ಮಾಡದಿರುವುದು ಕ್ಷೇಮ. ಏಕೆಂದರೆ ಗಾಳಿಯ ದಾರಿಯಿಂದ ಸಿಲಿಂಡರಿಗೆ ಹೋದ ನೀರನ್ನು ಕಡ್ಡಿ ತೋರಿಸಲಾರದು.

ಪೂರವಿಲ್ಲದ ಕಾಲದಲ್ಲಿಯೂ ಎಣ್ಣೆ ಏರುವುದುಂಟು. ೨೦೨೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಹೊಗೆಯ ಹೊಸ ನಿಯಮಕ್ಕೆ ಅನುಸಾರವಾಗಿ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಆ ಮಸಿಯನ್ನು ಸುಡಲು ಎಂಜಿನ್ನು ಆಗಾಗ ಹೆಚ್ಚಿನ ಡೀಸೆಲನ್ನು ಚಿಮ್ಮಿಸುತ್ತದೆ. ಕಾರು ಯಾವಾಗಲೂ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಓಡುತ್ತಿದ್ದರೆ ಸುಡುವ ಕೆಲಸ ನಡುವೆಯೇ ನಿಂತು, ಆ ಡೀಸೆಲಿನ ಒಂದು ಪಾಲು ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ. ಎಣ್ಣೆ ಹೆಚ್ಚಾಗಿದೆ, ಒಳ್ಳೆಯದೇ ಆಯಿತು ಎಂದು ಸಂತೋಷಪಡುವಂತಿಲ್ಲ. ಅದು ನೀರುಮಜ್ಜಿಗೆಯಂತೆ ತೆಳುವಾಗಿದೆ ಎಂದು ಅರ್ಥ. ಮಟ್ಟ ಗರಿಷ್ಠ ಗೆರೆಯನ್ನು ಮೀರಿದರೆ ಎಣ್ಣೆ ಬದಲಿಸಬೇಕು. ಪೆಟ್ರೋಲ್ ಕಾರಿನ ಕಡ್ಡಿಗೆ ಪೆಟ್ರೋಲಿನ ವಾಸನೆ ಬಲವಾಗಿ ಬಂದರೂ ಮಿಸ್ತ್ರಿಗೆ ತೋರಿಸತಕ್ಕದ್ದು.

ಬಣ್ಣದ ವಿಷಯದಲ್ಲಿ ಒಂದೆರಡು ಮಾತು. ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಮಸಿಯನ್ನು ತನ್ನಲ್ಲಿ ಇಟ್ಟುಕೊಳ್ಳುವುದೇ ಅದರ ಧರ್ಮವಾದುದರಿಂದ, ಡೀಸೆಲ್ ಎಂಜಿನ್ನಿನಲ್ಲಿ ಅದು ಬಹುಬೇಗ ಕ���್ಪಾಗುತ್ತದೆ. ಚಳಿಗಾಲದಲ್ಲಿ ತೀರ ಸಮೀಪದ ಓಡಾಟ ಮಾತ್ರ ಇದ್ದಾಗ ಎಣ್ಣೆ ಹಾಕುವ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ಪದಾರ್ಥ ಕಾಣುವುದುಂಟು. ಅದು ಒಳಗಿನ ಹಬೆ ತಣಿದು ಕೂಡಿದ್ದು, ಒಂದು ದೂರದ ಪ್ರಯಾಣದಿಂದ ಹೋಗಬಹುದು. ಆದರೆ ಕಡ್ಡಿಯ ಮೇಲೆಯೇ ಎಣ್ಣೆ ಹಾಲು ಬೆರೆತ ಬಣ್ಣಕ್ಕೆ ಬಂದಿದ್ದರೆ ಒಳಗೆ ನೀರು ಸೇರಿದೆ ಎಂದೇ ತಿಳಿಯಬೇಕು.

ಕೊನೆಯದಾಗಿ, ಬರೆದಿಡುವ ಮಾತು. ಒಂದು ದಿನದ ಹಾಜರಿಯಿಂದ ಹುಡುಗನ ನಡತೆ ತಿಳಿಯುವುದಿಲ್ಲ. ತಿಂಗಳುಗಳ ಹಾಜರಿಪಟ್ಟಿ ನೋಡಿದರೆ ತಿಳಿಯುತ್ತದೆ. ಅಳತೆಯೂ ಹಾಗೆಯೇ. ಒಂದು ಚಿಕ್ಕ ವಹಿಯಲ್ಲಿ ತಾರೀಖು, ಕಾರು ಓಡಿದ ಕಿಲೋಮೀಟರು, ಕಡ್ಡಿಯ ಮಟ್ಟ, ಸೇರಿಸಿದ್ದರೆ ಎಷ್ಟು, ಈ ನಾಲ್ಕನ್ನು ಬರೆಯಿರಿ. ಮಟ್ಟವನ್ನು ಪೂರ್ತಿ, ಮುಕ್ಕಾಲು, ಅರ್ಧ, ಕಾಲು ಎಂದು ಬರೆದರೆ ಸಾಕು. ಎಲ್ಲ ಎಂಜಿನ್ನುಗಳೂ ಅಷ್ಟಿಷ್ಟು ಎಣ್ಣೆಯನ್ನು ಸುಡುತ್ತವೆ, ಹಳೆಯದಾದಷ್ಟೂ ಹೆಚ್ಚು. ಸಾವಿರ ಕಿಲೋಮೀಟರಿಗೆ ಇಷ್ಟು ಎಂಬ ನಿಮ್ಮ ಕಾರಿನ ಲೆಕ್ಕ ನಾಲ್ಕಾರು ತಿಂಗಳಲ್ಲಿ ನಿಮಗೇ ತಿಳಿಯುತ್ತದೆ. ಆಮೇಲೆ ಆ ಲೆಕ್ಕ ಒಮ್ಮೆಲೆ ಏರಿದರೆ ಎಲ್ಲಿಯೋ ಸೋರುತ್ತಿದೆ ಅಥವಾ ಒಳಗೆ ಸವೆದಿದೆ ಎಂದು ಗೊತ್ತಾಗುತ್ತದೆ. ಮಿಸ್ತ್ರಿಯ ಮುಂದೆ ‘ಯಾಕೋ ಎಣ್ಣಿ ಕಡಿಮಿ ಆಗಾಕತ್ತೈತ್ರಿ’ ಎನ್ನುವುದಕ್ಕಿಂತ ಆ ವಹಿಯನ್ನು ತೆರೆದು ಇಡುವುದು ಹೆಚ್ಚು ಪ್ರಯೋಜನಕಾರಿ. ರೋಗಿ ತನ್ನ ಜ್ವರದ ಪಟ್ಟಿಯನ್ನು ತಾನೇ ತಂದಂತೆ ಅವನಿಗೆ ಅನುಕೂಲವಾಗುತ್ತದೆ.

ಹದಿನೈದು ದಿನಗಳಿಗೊಮ್ಮೆ, ಮತ್ತು ಪಂಢರಪುರಕ್ಕೋ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಹೊರಡುವ ಮುನ್ನಾದಿನ ಒಮ್ಮೆ, ಈ ಕೆಲಸ ಮಾಡಿದರೆ ಸಾಕು. ಹಿಡಿಯುವ ಹೊತ್ತು ಕಾಲು ಗಂಟೆಗಿಂತ ಹೆಚ್ಚಲ್ಲ. ಕೆಲವು ಹೊಸ ದುಬಾರಿ ಕಾರುಗಳಲ್ಲಿ ಕಡ್ಡಿಯೇ ಇಲ್ಲದೆ ಮಟ್ಟವು ಪರದೆಯ ಮೇಲೆ ಮೂಡುತ್ತದೆ. ಅಲ್ಲಿಯೂ ಸಮನೆಲ ಮತ್ತು ಕಾಯುವಿಕೆಯ ನಿಯಮಗಳು ತಪ್ಪಿದ್ದಲ್ಲ. ವಿದ್ಯುತ್ತಿನಿಂದಲೇ ಓಡುವ ಕಾರುಗಳಿಗೆ ಎಂಜಿನ್ನೇ ಇಲ್ಲವಾದುದರಿಂದ ಈ ಚಿಂತೆಯಿಲ್ಲ. ಉಳಿದವರು ಒಂದು ಸಮನಾದ ಜಾಗ, ಒಂದು ಗೊತ್ತಾದ ಹೊತ್ತು, ಒಂದು ಶುಭ್ರವಾದ ಅರಿವೆ, ಒಂದು ಚಿಕ್ಕ ವಹಿ, ಇವನ್ನು ಸಿದ್ಧಮಾಡಿಕೊಳ್ಳಿರಿ. ಬರುವ ಆದಿತ್ಯವಾರ ಮುಂಜಾನೆ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಮೊದಲ ಸಾಲನ್ನು ಅವರ ಕೈಯಿಂದಲೇ ಬರೆಯಿಸಿರಿ.